ಬಂಗಾರಿಗೆ ಏನೇನು ಬರಲ್ಲ

ನನ್ನ ನಾಲಿಗೆ ಉದ್ದ ಅಂತ ಮನೆಯೋರೆಲ್ಲ ಹೇಳ್ತಾರೆ. ಹೇಳ್ಲಿ ಬಿಡಿ, ಸುಳ್ಳೇನಲ್ಲ. ಆದ್ರೆ ಅವತ್ತು ಆ ಆಫೀಸಲ್ಲಿ ಬಾಯಿ ಬಿಡೋಕೆ ನನ್ನ ಬಿಟ್ರೆ ಇನ್ಯಾರಿದ್ರು ಹೇಳಿ.

ಮಗನ ಕೆಲಸಕ್ಕೆ ಅಂತ ನಾವೆಲ್ಲ ಗಂಟುಮೂಟೆ ಕಟ್ಟಿಕೊಂಡು ಈ ದೇಶಕ್ಕೆ ಬಂದ್ವಿ. ಮೊಮ್ಮಗಳನ್ನ ಬಂಗಾರಿ ಅಂತ ಕರೀತೀವಿ. ಒಂಬತ್ತು ತುಂಬಿದೆ, ಬುದ್ಧಿ ಮಾತ್ರ ಅಷ್ಟು ಬೆಳೆದಿಲ್ಲ. ನಮ್ಮ ಕಡೆ ಇದ್ದಾಗ ಅದನ್ನ ಮುಚ್ಚಿಡೋದೇ ನಮಗೊಂದು ಕಸುಬು. ನೆಂಟರು ಬಂದ್ರೆ ಕೈಮುಗಿ, ಹೆಸರು ಹೇಳು, ಹತ್ತರ ತನಕ ಎಣಿಸು, ನಕ್ಕು ಒಳಗೆ ಬಾ. ಕಲಿಸಿದೋಳು ನಾನೇ. "ಎಷ್ಟು ಚೂಟಿ ಮಗು" ಅನ್ನೋರು. ಹನ್ನೊಂದು ಕೇಳೋ ಮುಂಚೆ ನಾವು ಒಳಗೆ ಕರಕೊಂಡು ಹೋಗಿರ್ತಿದ್ವಿ.

ಇಲ್ಲಿ ಅವಳನ್ನ ದೊಡ್ಡ ಕ್ಲಾಸಿನ ಕೊನೇ ಬೆಂಚಲ್ಲಿ ಕೂರಿಸಿದ್ರು. ಮಧ್ಯಾಹ್ನ ಒದ್ದೆ ಬಟ್ಟೆಯಲ್ಲೇ ಮನೆಗೆ ಬರೋಳು. ಅದೇ ಶಾಲೆಯಲ್ಲಿ ಇಂಥ ಮಕ್ಕಳಿಗೇ ಅಂತ ಒಂದು ಚಿಕ್ಕ ಕ್ಲಾಸಿದೆ, ಪಕ್ಕದಲ್ಲೇ ಕೂತು ಕಲಿಸ್ತಾರೆ, ಹೊತ್ತುಹೊತ್ತಿಗೆ ಬಚ್ಚಲಿಗೂ ಕರಕೊಂಡು ಹೋಗ್ತಾರೆ ಅಂತ ಗೊತ್ತಾಯ್ತು. ಆ ಕ್ಲಾಸಿಗೆ ಸೇರಬೇಕಾದ್ರೆ ಮಗು ಬುದ್ಧಿ ಎಷ್ಟು ಬೆಳೆದಿದೆ ಅಂತ ಪರೀಕ್ಷೆ ಮಾಡಿಸಬೇಕು. ಸೊಸೆ ಅಲೆದಲೆದು ದಿನ ಗೊತ್ತು ಮಾಡಿಸಿಕೊಂಡ್ಲು.

ಪರೀಕ್ಷೆ ಮಾಡೋ ಮೇಡಂ ಆಫೀಸಿನ ಬಾಗಿಲು ತೆಗೆದಿದ್ದೇ ತಡ, ಬಂಗಾರಿ ಕೈಮುಗಿದ್ಲು. ಹೆಸರು ಹೇಳಿದ್ಲು. ಹತ್ತರ ತನಕ ಎಣಿಸಿ ನಕ್ಕಳು. ಮೇಡಂ ಕರಗಿಹೋದ್ರು. ನಾವೋ, ದಡ್ಡಮುಂಡೇವು, ಮೂಲೆಯಲ್ಲಿ ಕೂತು ಬೀಗಿದ್ವಿ. ಏನು ಕೇಳಿದ್ರೂ ಸೊಸೆ ಹಳೇ ಅಭ್ಯಾಸದಲ್ಲಿ ಬರುತ್ತೆ, ಬರುತ್ತೆ ಅಂತಲೇ ತಲೆಯಾಡಿಸಿದ್ಲು. ಆಮೇಲೆ ಉತ್ತರ ಬಂತು: ಮಗು ಚೆನ್ನಾಗಿದೆ, ಭಾಷೆಯೊಂದೇ ತೊಡಕು, ಚಿಕ್ಕ ಕ್ಲಾಸು ಬೇಡ.

ಸೊಸೆ ನಲ್ಲಿ ಜೋರಾಗಿ ತಿರುಗಿಸಿ ಪಾತ್ರೆ ತೊಳೀತಾ ಅತ್ತಳು. ಮಗ ಆ ಮೇಡಂ ಕೈಕಾಲು ಹಿಡಿದು ಇನ್ನೊಂದು ಸಲ ನೋಡೋಕೆ ಒಪ್ಪಿಸಿದ. ಇದೇ ಕೊನೆ ಅಂದ್ರಂತೆ.

ಈ ಸಲ ಮೇಜಿನ ಮೇಲೊಂದು ಫೋನ್ ಇಟ್ಟಿದ್ರು. ಅದರೊಳಗಿಂದ ಕನ್ನಡದ ಹುಡುಗಿಯೊಬ್ಬಳು ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ದಾಟಿಸ್ತಿದ್ಲು. "ಮಗುಗೆ ಏನು ಬರುತ್ತೆ ಅಂತ ಬೇಡವಂತೆ ಅಮ್ಮಾ. ಏನು ಬರಲ್ಲ ಅಂತ ಹೇಳಬೇಕಂತೆ."

ಸೊಸೆ ಬಂಗಾರಿ ಕಡೆ ನೋಡಿದ್ಲು. ಬಂಗಾರಿ ನೆಲದ ಮೇಲೆ ಕೂತು ಮರದ ತುಂಡು ಜೋಡಿಸ್ತಿದ್ಲು. "ಮಗೂನ ಹೊರಗೆ ಕೂರಿಸೋಣ್ವಾ ಅತ್ತೆ?" ಅಂತ ಸೊಸೆ ಪಿಸುಗುಟ್ಟಿದ್ಲು.

"ಅವಳಿಗೇನು ಅರ್ಥ ಆಗುತ್ತೆ, ಸುಮ್ನಿರು," ಅಂದೆ.

ಆಮೇಲೆ ನಾನೇ ಶುರು ಮಾಡಿದೆ. "ಇವಳಿಗೆ ತಲೆ ಬಾಚಿಕೊಳ್ಳೋಕೆ ಬರಲ್ಲ. ಹತ್ತಾದ ಮೇಲೆ ಎಣಿಸೋಕೆ ಬರಲ್ಲ. ರಸ್ತೆ ದಾಟೋಕೆ ಬರಲ್ಲ. ಬಟ್ಟೆ ಒದ್ದೆಯಾದ್ರೆ ಹೇಳೋಕೆ ಬರಲ್ಲ. ಗೆಳತಿ ಅಂತ ಒಬ್ಬಳೂ ಇಲ್ಲ. ಸ್ವೆಟರಿನ ಗುಂಡಿ ಹಾಕ್ಕೊಂಡು, ನಾನೇ ಹಾಕ್ಕೊಂಡೆ ಅಜ್ಜಿ ಅಂತ ದಿನಾ ಓಡಿ ಬರ್ತಾಳೆ. ಎಲ್ಲಾ ಮೇಲೆಕೆಳಗೆ. ಮುದ್ದು ಮಾಡೋ ನೆಪದಲ್ಲಿ ಬಿಚ್ಚಿ ನಾನು ಸರಿಯಾಗಿ ಹಾಕ್ತೀನಿ. ಅವಳಿಗೆ ಅದೂ ಗೊತ್ತಾಗಲ್ಲ."

ಫೋನಿನ ಹುಡುಗಿ ನಡುವೆ ತಡವರಿಸಿದ್ಲು. ನಾನು ನಿಲ್ಲಿಸಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು, ಹೇಳೋಕೆ ನಾಚಿಕೆ, ಎದೆ ಹಗುರಾಯ್ತು ಕೂಡ. ಮರದ ತುಂಡಿನ ಸದ್ದು ಯಾವಾಗ ನಿಂತಿತೋ ನನಗೆ ತಿಳೀಲಿಲ್ಲ.

ಚಿಕ್ಕ ಕ್ಲಾಸಲ್ಲಿ ಜಾಗ ಸಿಕ್ತು. ಮಗ ನನ್ನ ಕಾಲು ಮುಟ್ಟಿದ. "ಅಮ್ಮನ ಬಾಯಿಂದ ಒಂದು ಒಳ್ಳೇದಾಯ್ತು ನೋಡು," ಅಂತ ಹೆಂಡತಿ ಹತ್ರ ತಮಾಷೆ ಮಾಡಿದ. ಅವಳು ನಗಲಿಲ್ಲ.

ಹೊಸ ಕ್ಲಾಸಿನ ಮೊದಲ ದಿನ ಬಂಗಾರಿ ಸ್ವೆಟರಿಗೆ ತೋಳು ತೂರಿಸಿಕೊಂಡು ನನ್ನ ಮುಂದೆ ಬಂದು ನಿಂತಳು. ಎರಡೂ ಕೈ ಕೆಳಗೆ ಬಿಟ್ಟಿದ್ಲು.

"ಹಾಕ್ಕೊಳ್ಳೇ, ಹೊತ್ತಾಯ್ತು," ಅಂದೆ.

"ನಂಗೆ ಬರಲ್ಲ ಅಜ್ಜಿ. ನೀನೇ ಹೇಳಿದ್ಯಲ್ಲ."

ಅಳಲಿಲ್ಲ, ಮುನಿಸೂ ಇಲ್ಲ. ಮನೆಗೆ ಬಂದೋರಿಗೆ ಹೆಸರು ಹೇಳ್ತಾಳಲ್ಲ, ಹಾಗೆ ಹೇಳಿದ್ಲು.

"ಬರುತ್ತೆ ಕಣೇ ಬಂಗಾರಿ. ಅಜ್ಜಿ ಸುಮ್ನೆ ಹೇಳಿದ್ದು. ನೀನು ದಿನಾ ಹಾಕ್ಕೊತಿದ್ಯಲ್ಲ," ಅಂದೆ.

ಅವಳು ಇಲ್ಲ ಅಂತ ತಲೆಯಾಡಿಸಿದ್ಲು. ಕೈ ಎತ್ತಲಿಲ್ಲ. ಹೊರಗೆ ಶಾಲೆ ಬಸ್ಸು ಹಾರ್ನ್ ಹೊಡೀತು. ಸೊಸೆ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ಲು, ನನ್ನ ಮುಖ ನೋಡಲಿಲ್ಲ. ನಾನು ಮಂಡಿಯೂರಿ ಒಂದೊಂದೇ ಗುಂಡಿ ಹಾಕಿದೆ. ಎಲ್ಲಾ ಸರಿಯಾಗಿ ಕೂತವು.