ಅಂಗಾಲಿಗೆ ಎರಡು ತಟ್ಟು

ಹೊದಿಕೆಯನ್ನು ಪಾದದವರೆಗೆ ಎಳೆಯಲು ಭಾವ ಬಗ್ಗಿದರು. ಅವಳು ಅವರ ಕೈ ಹಿಡಿದುಬಿಟ್ಟಳು.

"ಕಾಲು ಮುಚ್ಚಬೇಡಿ ಭಾವ. ಈಗಲೇ ಬೇಡ."

"ಇದು ಮೂರನೇ ಸಲ ಕಣಮ್ಮ. ಬಂದೋರೆಲ್ಲ ಏನಂದ್ಕೋತಾರೆ? ಹನ್ನೊಂದಕ್ಕೆ ಗಾಡಿ ಬಂದ್ಬಿಡುತ್ತೆ."

ಅವಳು ಅಡುಗೆಮನೆಗೆ ಹೋಗಿ ಲೋಟವೊಂದನ್ನು ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದು ಹಜಾರಕ್ಕೆ ಬಂದಳು. ಬೆಳಗ್ಗಿನಿಂದ ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಓಡಾಡುತ್ತಿದ್ದಳು, ಕೂತಿದ್ದೇ ಇಲ್ಲ. ಹಜಾರದ ಮಂಚದ ಮೇಲೆ ಅವಳ ಗಂಡ ಮಲಗಿದ್ದ. ಹಳೇ ಬಟ್ಟೆ ಸರಿಮಾಡಿಕೊಡುವ ಟೈಲರ್. ನಿನ್ನೆ ಸಂಜೆ ಅಂಗಡಿಯಲ್ಲಿ ಮಷೀನಿನ ಮೇಲೆ ತಲೆಯಿಟ್ಟವನು ಮತ್ತೆ ಎತ್ತಿರಲಿಲ್ಲ. ಬೀದಿಯವರಿಗೆಲ್ಲ ಅವನು ಹೆಣದ ಟೈಲರ್. ಮಲಯಾಳಂ ಸಿನಿಮಾಗಳಲ್ಲಿ ಏಳು ಸಲ ಸತ್ತಿದ್ದ.

ಮಗಳು ತಾಯಿಯ ತೋಳು ಹಿಡಿದು ಮೂಲೆಗೆ ಕರೆದಳು. "ಒಂದ್ ಕಡೆ ಕೂತ್ಕೋ ಅಮ್ಮ. ಒಂದ್ ತೊಟ್ಟು ಕಣ್ಣೀರಿಲ್ಲ, ಜನ ನೋಡ್ತಿದಾರೆ."

"ಬರ್ತಿಲ್ಲ ಕಣೇ, ಏನ್ ಮಾಡ್ಲಿ? ಏಳು ಸಲ ಹೀಗೇ ನೋಡಿದೀನಿ. ಅವರ ಹೊಟ್ಟೆ ಅಲುಗಿದ ಹಾಗಾಯ್ತು ಈಗ."

"ಅಮ್ಮಾ! ಇದು ಸಿನಿಮಾ ಅಲ್ಲ!"

ಮಾತು ಜೋರಾಗಿಯೇ ಬಂದುಬಿಟ್ಟಿತು. ಹಜಾರದಲ್ಲಿ ಪಿಸುಗುಡುತ್ತಿದ್ದವರೆಲ್ಲ ಇತ್ತ ತಿರುಗಿದರು.

*

ಹದಿನೆಂಟು ವರ್ಷದ ಹಿಂದೆ ಮಲಯಾಳಂ ತಂಡವೊಂದು ಪಕ್ಕದ ಬೀದಿಯಲ್ಲಿ ಶೂಟಿಂಗಿಗೆ ಬಂದಿತ್ತು. ಅಂಗಿಯ ತೋಳು ಗಿಡ್ಡ ಮಾಡಿಸಲು ಬಂದ ನಿರ್ದೇಶಕರು, ಮಷೀನಿನ ಮುಂದೆ ತೂಕಡಿಸುತ್ತಿದ್ದ ಟೈಲರನ್ನು ಕಾಲು ಗಂಟೆ ಸುಮ್ಮನೆ ನಿಂತು ನೋಡಿದರಂತೆ. ಮಾರನೆಯ ದಿನ ಹೆಣದ ಪಾತ್ರಕ್ಕೆ ಅವನೇ ಬೇಕೆಂದು ಎರಡು ಹಾಳೆ ತಂದು ತಾವೇ ಕನ್ನಡದಲ್ಲಿ ಓದಿ ಹೇಳಿದರು. ಸತ್ತವನು ಎಂಥವನು, ಹೆಂಡತಿಯ ಮೇಲೆ ಯಾವ ಮಾತಿಗೆ ಮುನಿಸಿಕೊಂಡಿದ್ದ, ಸಾಯುವ ದಿನ ಯಾವ ಕಿಟಕಿ ಮುಚ್ಚಲು ಮರೆತಿದ್ದ, ಎಲ್ಲ ಅದರಲ್ಲಿತ್ತು. ಅದರಲ್ಲಿ ಒಂದು ಮಾತೂ ಚಿತ್ರದಲ್ಲಿ ಬರುವುದಿಲ್ಲ.

"ಬರಲ್ಲ ಅಂದ್ಮೇಲೆ ಯಾಕ್ ಸಾರ್ ಬರೆದ್ರಿ?"

"ಮಲಗಿರೋನು ಯಾರು ಅಂತ ಗೊತ್ತಿಲ್ದೆ ಸುತ್ತ ಇರೋರು ಹೇಗ್ರೀ ಕೂತ್ಕೋತಾರೆ?"

ಆ ದಿನ ಶೂಟಿಂಗ್ ಮುಗಿಸಿ ಬಂದ ಟೈಲರಿಗೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. "ಅವರಲ್ಲಿ ಹೆಣಕ್ಕೂ ಒಂದು ಕಥೆ ಇರುತ್ತೆ ಕಣೇ. ಅಷ್ಟು ದೊಡ್ಡ ಹೀರೋ, ಅಪ್ಪ ಸತ್ರೆ ಎದೆ ಬಡ್ಕೊಳಲ್ಲ. ಬಂದೋರಿಗೆ ಕುರ್ಚಿ ಸಾಲುತ್ತಾ ಅಂತ ಕೇಳ್ತಾನೆ, ಅಷ್ಟೇ. ಆ ದನಿ ಕೇಳಿ ನನಗೇ ಅಳು ಬಂತು. ಹೆಣ ಅಳೋ ಹಾಗಿಲ್ವಲ್ಲ!"

ರೆಪ್ಪೆ ಅಲುಗಿ ಎರಡು ಶಾಟ್ ಹಾಳಾಗಿದ್ದವು. ಮರುದಿನದಿಂದ ಅವನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ. ಆಗ 'ಕಟ್' ಅಂದದ್ದೂ ಕೇಳಿಸಲಿಲ್ಲ. ಎಲ್ಲರೂ ಊಟಕ್ಕೆ ಎದ್ದುಹೋದರೂ ಪುಣ್ಯಾತ್ಮ ಉಸಿರು ಬಿಗಿಹಿಡಿದು ಮಲಗೇ ಇದ್ದ. ಅಲ್ಲಿಂದ ಮುಂದೆ ಅವಳೂ ಜೊತೆಗೆ ಹೋಗತೊಡಗಿದಳು. ಶಾಟ್ ಮುಗಿದ ಮೇಲೆ ಅಂಗಾಲಿಗೆ ಎರಡು ಸಲ ತಟ್ಟುವಳು. ಅವನು ಮೊದಲು ಒಂದೇ ಕಣ್ಣು ತೆರೆದು "ಊಟ ಆಯ್ತಾ?" ಎನ್ನುವನು. ಒಮ್ಮೆ ಸಹಾಯಕನೊಬ್ಬ ತಟ್ಟಿದಾಗ ಎದ್ದಿರಲೇ ಇಲ್ಲ. "ಅದು ನಿನ್ನ ಕೈ ಅಲ್ಲ ಅಂತ ಗೊತ್ತಾಯ್ತು. ಸುಮ್ನೆ ಕಾಯ್ತಾ ಇದ್ದೆ" ಎಂದಿದ್ದ.

*

ಗಾಡಿ ಬಂತು. ಅದರ ಹಿಂದೆಯೇ ನಿರ್ದೇಶಕರೂ ಬಂದು ಬಾಗಿಲಲ್ಲಿ ನಿಂತರು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಇನ್ನು ಎತ್ತೋಣ" ಎಂದರು ಭಾವ.

"ಒಂದೇ ನಿಮಿಷ." ಅವಳ ಕೈ ಗಂಡನ ಪಾದದ ಹತ್ತಿರ ಹೋಗಿ ನಿಂತಿತು. ಅಷ್ಟು ಜನರ ಎದುರಿಗೆ ಹೇಗೆ ತಟ್ಟುವುದು? ತಟ್ಟಿದರೆ ಅವನು ಏಳುವುದಿಲ್ಲ. ತಟ್ಟದೆ ಕಳಿಸಿಬಿಟ್ಟರೆ ಕಾಯುತ್ತಲೇ ಇರುತ್ತಾನೆ. ಅವಳಿಗೆ ಎರಡೂ ಸಹಿಸಲಾಗದ ಸಂಕಟ.

ನಿರ್ದೇಶಕರು ಆ ಕೈಯನ್ನು ನೋಡಿದರು, ಮುಚ್ಚದೆ ಬಿಟ್ಟ ಪಾದವನ್ನೂ ನೋಡಿದರು. ಗೋಡೆಯ ಪಕ್ಕದ ಕುರ್ಚಿಯೊಂದನ್ನು ಎತ್ತಿಕೊಂಡರು.

"ದಾರಿಗೆ ಅಡ್ಡ ಆಗುತ್ತೆ. ಎಲ್ಲರೂ ಒಂದೊಂದು ಕುರ್ಚಿ ತಗೊಂಡು ಹೊರಗೆ ಬನ್ನಿ."

ಜನ ಕುರ್ಚಿ ಹೊತ್ತು ಹೊರಟರು, ಭಾವನೂ ಹೊರಟರು. ಮಗಳು ಮಾತ್ರ ಕುರ್ಚಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.

ಅವಳು ಅಂಗಾಲಿಗೆ ಎರಡು ಸಲ ತಟ್ಟಿದಳು.

"ಸಾಕು, ಏಳ್ರೀ."

ಹೊರಗೆ ಅಂಗಳದಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು ನಿಲ್ಲುವವರೆಗೂ ಅವನ ಕಣ್ಣನ್ನೇ ನೋಡುತ್ತಿದ್ದಳು. ಆಮೇಲೆ ಹೊದಿಕೆಯನ್ನು ತಾನೇ ಎಳೆದು ಪಾದ ಮುಚ್ಚಿ, ಅಂಚನ್ನು ಒಳಗೆ ಮಡಚಿದಳು.

ಮಗಳು ಕುರ್ಚಿಯನ್ನು ತಂದು ತಾಯಿಯ ಹಿಂದೆ ಇಟ್ಟಳು. ಅವಳು ಅದರಲ್ಲಿ ಕೂತಳು.