ಅಪ್ಪ ತುಂಬಿದ ಕಾಡತೂಸು

ಆರ್ವಲ್ ಹಿಡಿಕೆಯನ್ನು ಕೆಳಕ್ಕೆ ಎಳೆದ. ಅಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದ, ಕಾಡತೂಸು ತುಂಬುವ ಹೊಸ ಯಂತ್ರದ ತಟ್ಟೆ ಹೊರಳಿ, ಖಾಲಿ ಹಿತ್ತಾಳೆ ಚಿಪ್ಪೊಂದು ಟಣ್ಣೆಂದು ಬುಟ್ಟಿಗೆ ಬಿತ್ತು. ಮತ್ತೆ ಎಳೆದ. ಮತ್ತೆ ಟಣ್.

“ನೋಡಿದ್ಯಾ ಟ್ವೈಲಾ? ಒಂದು ಎಳೆತಕ್ಕೆ ಒಂದು ಗುಂಡು. ಕೋಳಿ ಮೊಟ್ಟೆ ಇಟ್ಟ ಹಾಗೆ!”

“ಕೋಳಿಗೆ ತಾನು ಏನಿಡ್ತಿದೀನಿ ಅಂತಾದ್ರೂ ಗೊತ್ತಿರುತ್ತಪ್ಪ,” ಎಂದಳು ಮಗಳು.

ಅಂಗಡಿಯ ಯಜಮಾನ ಲೆಲ್ಯಾಂಡ್ ಹೊಟ್ಟೆ ಕುಣಿಸಿ ನಕ್ಕ. ಟ್ವೈಲಾ ನಗಲಿಲ್ಲ. ಅವಳ ಕೈ ಪಕ್ಕದಲ್ಲಿದ್ದ, ಗುಂಡು ತುಂಬುವ ಹಳೇ ಬಗೆಯ ಪ್ರೆಸ್ಸಿನ ಮೇಲಿತ್ತು: ಎರಕದ ಕಬ್ಬಿಣದ್ದು, ಒಂದು ಸಲಕ್ಕೆ ಒಂದೇ ಕೆಲಸ ಮಾಡುವಂಥದು. ಮನೆಯಲ್ಲಿ ಮೊನ್ನೆ ಕತ್ತು ಬಿರಿದು ಹೋದದ್ದೂ ಅದೇ ಜಾತಿಯದು. ಅದರಲ್ಲಾದರೆ ಗುಂಡು ಕೂರಿಸುವ ಮೊದಲು, ಮದ್ದು ತುಂಬಿದ ಚಿಪ್ಪುಗಳನ್ನೆಲ್ಲ ತೂತಿನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಬೇಕಿತ್ತು. ಆರ್ವಲ್ ಟಾರ್ಚ್ ಹಿಡಿದು ಒಂದೊಂದರ ಬಾಯೊಳಗೂ ಇಣುಕಿ, ಆಮೇಲೆ ಮಗಳನ್ನು ಕೂಗುತ್ತಿದ್ದ: “ನೀನೂ ನೋಡು. ಒಬ್ಬನ ಎರಡು ಕಣ್ಣು ತಮಗೆ ಬೇಕಾದ್ದನ್ನ ಮಾತ್ರ ನೋಡ್ತವೆ.” ಈ ಹೊಸ ಯಂತ್ರದಲ್ಲಿ ಇಣುಕುವ ಹೊತ್ತೇ ಇರಲಿಲ್ಲ. ಮದ್ದು ಸುರಿಯುವುದೂ ಗುಂಡು ಕೂರುವುದೂ ಒಂದೇ ಎಳೆತದಲ್ಲಿ ಮುಗಿದುಹೋಗುತ್ತಿತ್ತು.

“ಹಾಗೇ ಪಿಸ್ತೂಲಿನ ಮದ್ದು ಒಂದು ಡಬ್ಬಿ ಕೊಡಪ್ಪ,” ಎಂದ ಆರ್ವಲ್.

“ಹೋದ ವಾರ ತಾನೇ ಒಯ್ದೆಯಲ್ಲೋ! ಕಾಫಿಗೆ ಹಾಕ್ಕೊಂಡು ಕುಡೀತೀಯಾ ಏನು ಕತೆ?”

ಆರ್ವಲ್ ನಕ್ಕ. ಆದರೆ ಆ ನಗು ಒಂದು ಕ್ಷಣ ತಡವಾಗಿ ಬಂತು. ದಾರಿ ತಪ್ಪಿ, ಯಾರನ್ನೋ ಕೇಳಿಕೊಂಡು ಬಂದ ಹಾಗೆ. “ರೈಫಲ್ ಮದ್ದು ಅಂದೆ ನಾನು. ನಿನ್ನ ಕಿವಿಗೇನಾಗಿದೆ?”

ಅವನು ಹಾಗೆ ಅಂದಿರಲಿಲ್ಲ. ಲೆಲ್ಯಾಂಡ್ ಟ್ವೈಲಾಳ ಮುಖ ನೋಡಿದ. ಟ್ವೈಲಾ ಅಪ್ಪನ ಬೆರಳುಗಳನ್ನು ನೋಡಿದಳು. ಗೆಣ್ಣುಗಳು ಹಳೆಯ ಬೇರಿನ ಹಾಗೆ ಗಂಟುಗಟ್ಟಿದ್ದವು. ಕಬ್ಬಿಣದ ಪ್ರೆಸ್ಸಿನಲ್ಲಿ ಒಂದೊಂದು ಚಿಪ್ಪನ್ನೂ ಆ ಬೆರಳುಗಳು ಐದಾರು ಸಲ ಎತ್ತಿಡಬೇಕು. ಹೊಸ ಯಂತ್ರ ಬೇಡ ಅಂದರೆ ಅವನು ಯಾಕೆ ಅನ್ನುತ್ತಾನೆ. ನಿನಗೆ ಮರೆವು ಬರುತ್ತಿದೆ ಅಂತ ಅವನ ಮುಖಕ್ಕೆ ಹೇಳುವುದು ಅವಳಿಂದಾಗದು.

“ಅಪ್ಪನಿಗೆ ಬೇಕಾದ ಯಂತ್ರಾನೇ ಕೊಡಿ,” ಎಂದಳು.

ಅಮೆರಿಕದ ಐಡಹೋದ ಆ ಕಣಿವೆಯಲ್ಲಿ ಒಬ್ಬ ತುಂಬಿದ ಗುಂಡನ್ನು ಇನ್ನೊಬ್ಬ ಹಾರಿಸುವುದಿಲ್ಲ. ಕೇಳಿದರೆ ಕೋವಿ ಕೊಡುತ್ತಾರೆ, ಕುದುರೆ ಕೊಡುತ್ತಾರೆ. ಒಡಹುಟ್ಟಿದವನು ಕೊಟ್ಟರೂ ಕಾಡತೂಸು ಮಾತ್ರ ಮುಟ್ಟುವುದಿಲ್ಲ. ಈ ಕಟ್ಟಳೆ ಮುರಿದದ್ದು ಆರ್ವಲ್ ಮನೆಯಲ್ಲಿ ಮಾತ್ರ. ಟ್ವೈಲಾ ತನ್ನ ಮೊದಲ ಎಲ್ಕ್ ಜಿಂಕೆಯನ್ನು ಹೊಡೆದದ್ದು ಅಪ್ಪ ತುಂಬಿದ ಗುಂಡಿನಲ್ಲಿ. ಈಗ ಅವಳ ತಲೆಯಲ್ಲೂ ಬಿಳಿಕೂದಲು ಇಣುಕುತ್ತಿದ್ದವು, ಇವತ್ತಿಗೂ ಬೇರೆ ಗುಂಡು ಅವಳ ಕೋವಿ ಕಂಡಿರಲಿಲ್ಲ. ಊರಿನವರು ಅದನ್ನು ಹುಚ್ಚು ಅನ್ನುತ್ತಿದ್ದರು. ಆರ್ವಲ್ ಅದನ್ನು ತನ್ನ ಜೀವಮಾನದ ಬಿರುದು ಅಂದುಕೊಂಡಿದ್ದ.

ಬೇಟೆಯ ಕಾಲ ಶುರುವಾಗುವ ಹಿಂದಿನ ದಿನ ಮಧ್ಯಾಹ್ನ ಅವಳು ಅಂಗಳದಲ್ಲಿ ಕುದುರೆಗೆ ಹೇರು ಕಟ್ಟುತ್ತಿದ್ದಳು. ಶೆಡ್ಡಿನಿಂದ ಹಿಡಿಕೆಯ ಸದ್ದು ಬರುತ್ತಿತ್ತು. ಕಟ್, ಟಣ್. ಕಟ್, ಟಣ್. ನಡುವೆ ನಿಂತಿತು. ಆರ್ವಲ್ ಹೊರಗೆ ಬಂದು, ಯಾಕೆ ಬಂದೆನೆಂದು ತಿಳಿಯದವನ ಹಾಗೆ ಬೆಟ್ಟ ನೋಡಿ, ಒಳಗೆ ಹೋದ. ಕಟ್, ಟಣ್. ಕುದುರೆ ಕಿವಿ ಹಿಂದಕ್ಕೆ ಮಡಚಿತು.

ಹಗ್ಗ ತರಲು ಅವಳು ಶೆಡ್ಡಿಗೆ ಹೋದಳು. ಮೇಜಿನ ಮೇಲೆ ಒಂದೇ ಡಬ್ಬಿ ಇತ್ತು, ರೈಫಲ್ ಮದ್ದಿನದು. ಯಂತ್ರದಲ್ಲಿ ಯಾವ ಮದ್ದಿದೆಯೋ ಅದರ ಡಬ್ಬಿಯೊಂದೇ ಪಕ್ಕದಲ್ಲಿರಬೇಕು, ಇದು ಅಪ್ಪನೇ ಕಲಿಸಿದ ನಿಯಮ. ಸರಿಯಾಗಿಯೇ ಇದೆ ಅಂದುಕೊಂಡು ಹಗ್ಗಕ್ಕೆ ಕೈಚಾಚಿದವಳು ಅಲ್ಲೇ ನಿಂತಳು. ಡಬ್ಬಿಯ ಸೀಲು ಒಡೆದಿರಲಿಲ್ಲ.

ಯಂತ್ರದ ಮೇಲಿನ ಪಾರದರ್ಶಕ ಕೊಳವೆಯಲ್ಲಿ ಮದ್ದು ಅರ್ಧಕ್ಕಿಳಿದಿತ್ತು. ರೈಫಲ್ ಮದ್ದು ಮುರಿದ ಪೆನ್ಸಿಲ್ ಕಡ್ಡಿಯ ಹಾಗೆ ಉದ್ದುದ್ದ ಇರುತ್ತದೆ. ಇದು ಚಪ್ಪಟೆ ಚೂರು, ಹೋದ ವಾರದ ಪಿಸ್ತೂಲಿನ ಮದ್ದು. ಭಗ್ಗನೆ ಉರಿಯುವ ಜಾತಿ. ರೈಫಲ್ಲಿನ ಅಷ್ಟುದ್ದ ಚಿಪ್ಪಿಗೆ ಅದನ್ನು ತುಂಬಿದರೆ ಗುಂಡು ಎಲ್ಕಿನ ಕಡೆ ಹೋಗುವುದಿಲ್ಲ. ಕೋವಿಯೇ ಸಿಡಿದು, ಕೆನ್ನೆಗೊತ್ತಿ ಹಿಡಿದವರ ಮುಖಕ್ಕೆ ಬರುತ್ತದೆ.

“ಏನು ಹಾಗೆ ನೋಡ್ತಿದೀಯಾ?” ಹಿಂದೆ ಆರ್ವಲ್ ನಿಂತಿದ್ದ. ಕೈಯಲ್ಲಿ ತುಂಬಿದ ಗುಂಡುಗಳ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಟೇಪು ಅಂಟಿಸಿ, ನಡುಗುವ ಅಕ್ಷರದಲ್ಲಿ ಟ್ವೈಲಾ ಎಂದು ಬರೆದಿದ್ದ. “ಹಳೇ ಪ್ರೆಸ್ಸಾಗಿದ್ರೆ ಇನ್ನೂ ಅರ್ಧಾನೂ ಆಗ್ತಿರ್ಲಿಲ್ಲ. ನನ್ನ ಕೈ ಹೋಯ್ತು ಅಂದ್ಕೊಂಡಿದ್ರು ಆ ಲೆಲ್ಯಾಂಡ್ ಎಲ್ಲ. ಹಿಡಿ ಮಗಳೇ.”

ಅವನ ಮುಖ ಬೆಳಗುತ್ತಿತ್ತು. ಎಷ್ಟೋ ದಿನದಿಂದ ಅವಳು ಆ ಬೆಳಕು ಕಂಡಿರಲಿಲ್ಲ.

“ಹಿಡಿಯೇ. ಕೈ ನೋಯುತ್ತೆ.”

“ಬೇಡ,” ಎಂದಳು ಟ್ವೈಲಾ. “ಇದನ್ನ ನಾನೂ ಹಾರಿಸಲ್ಲ, ನಿನಗೂ ಹಾರಿಸೋಕೆ ಬಿಡಲ್ಲ. ಬೇಡಪ್ಪ.”