ಡ್ರಮ್ಮಿನೊಳಗಿನ ಬೇಸಿಗೆ

ದಾಕ್ಷಾಯಿಣಿಗೆ ಸಾಕುಸಾಕಾಗಿತ್ತು. ಆರು ವರ್ಷದಿಂದ ಒಂದೇ ಕೆಲಸ, ಬಿಸಿಲನ್ನು ಸುಣ್ಣದಲ್ಲಿ ಕೂಡಿಡುವುದು. ಹಾಗೆಂದರೆ ನೆಂಟರಲ್ಲಿ ಅರ್ಧ ಜನ ನಗುತ್ತಿದ್ದರು, ಉಳಿದವರು ಪಾಪ ಎನ್ನುತ್ತಿದ್ದರು. ಯಾವುದು ಹೆಚ್ಚು ಕೆಟ್ಟದ್ದೆಂದು ಯೋಚಿಸುವ ತ್ರಾಣವೂ ಈಗ ಅವಳಲ್ಲಿರಲಿಲ್ಲ.

ಹೇಳುವುದಕ್ಕೇನೋ ಸುಲಭ. ನರಸಿಂಹರಾಜಪುರದ ಬೋಳುಗುಡ್ಡದ ಮೇಲೆ ಕನ್ನಡಿಗಳ ಸಾಲಿದೆ. ಬೇಸಿಗೆಯ ಬಿಸಿಲನ್ನೆಲ್ಲ ಅವು ಒಂದು ಕುಲುಮೆಯ ಮೇಲೆ ಬೀಳಿಸುತ್ತವೆ. ಆ ಉರಿಗೆ, ನೀರು ಕುಡಿದು ಅರಳಿದ ಸುಣ್ಣದ ನೀರೆಲ್ಲ ಬಿಟ್ಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದನ್ನು ಡ್ರಮ್ಮಿಗೆ ತುಂಬಿ ಬಿಗಿಯಾಗಿ ಮುಚ್ಚಿಟ್ಟರೆ ತಿಂಗಳುಗಟ್ಟಲೆ ತಣ್ಣಗೆ ಕೂತಿರುತ್ತದೆ. ಬೇಕಾದಾಗ ನೀರು ಕುಡಿಸಿದರೆ ಅಂದಿನ ಕಾವನ್ನೆಲ್ಲ ಬಿಟ್ಟುಕೊಡುತ್ತದೆ. ಮುಂದಿನ ಬೇಸಿಗೆಗೆ ಮತ್ತೆ ಕಾಯಿಸಿದರಾಯಿತು.

ಈ ಸಲದ ಡ್ರಮ್ಮುಗಳನ್ನು ಮಾರ್ಚಿಯಲ್ಲೇ ಪಿಕಪ್ಪಿಗೆ ಹೇರಿ, ಕೊಪ್ಪ ದಾಟಿಸಿ, ನಾರ್ವೆ ಎಂಬ ಹಳ್ಳಿಯ ಶೆಡ್ಡಿನಲ್ಲಿ ಇಳಿಸಿದ್ದಳು. ನಾಳೆ ಬೆಳೆಗಾರರ ಸಂಘದವರು ಹಸಿ ಏಲಕ್ಕಿ ತರುತ್ತಾರೆ. ಸೌದೆಯಿಲ್ಲದೆ ಅದು ಒಣಗಿದರೆ ಸಂಘವೇ ಎಲ್ಲವನ್ನೂ ವಹಿಸಿಕೊಳ್ಳುತ್ತದೆ, ದಾಕ್ಷಾಯಿಣಿಗೆ ಬಿಡುಗಡೆ. ಶಿವಮೊಗ್ಗದಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಗಳು ಶ್ವೇತಳಿಗೆ, ಗೌರಿಹಬ್ಬದೊಳಗೆ ಬಂದೇಬಿಡುತ್ತೇನೆ, ಮತ್ತೆ ಹೋಗುವುದಿಲ್ಲ ಎಂದು ಮಾತು ಕೊಟ್ಟಿದ್ದಳು.

ಎಲ್ಲ ಸಜ್ಜು ಮಾಡಲೆಂದು ಅವಳು ಶೆಡ್ಡಿಗೆ ಬಂದಾಗ, ಬೀಗದ ಕೈ ಇಟ್ಟುಕೊಂಡಿದ್ದ ಶೇಷಮ್ಮ ಬಾಗಿಲಲ್ಲೇ ನಗುತ್ತ ನಿಂತಿದ್ದಳು. ಒಳಗೆ ಡ್ರಮ್ಮುಗಳ ಮುಚ್ಚಳ ತೆರೆದಿತ್ತು. ದಾಕ್ಷಾಯಿಣಿ ನೇರ ಅವುಗಳ ಹತ್ತಿರ ಹೋದಳು.

"ನಿನ್ನೆ ಅರ್ಧ ದಿನ ಹೊಳವಾಗಿತ್ತು ಮೇಡಂ," ಎಂದಳು ಶೇಷಮ್ಮ. "ಮಳೆ ಬಿಟ್ಟು ಎಂಥಾ ಬಿಸ್ಲು ಅಂತೀರಿ! ಪಾಪ, ಇದು ಬೇಸ್ಗೆಯಿಂದ ಡ್ರಮ್ಮಲ್ಲೇ ಕೂತದೆ, ಬೂಷ್ಟು ಹಿಡುದ್ರೆ ಎಂತ ಮಾಡದು ಅಂತ ಎಲ್ಲಾ ಟಾರ್ಪಾಲಿನ ಮೇಲೆ ಹರವ್ದೆ. ನೀರು ತಾಗ್ಬಾರ್ದು ಅಂದಿದ್ರಲ್ಲ ನೀವು."

ಅಂದದ್ದು ಹೌದು. ಅಷ್ಟನ್ನು ಮಾತ್ರ ಅಂದಿದ್ದಳು. ಮಳೆಗಾಲದಲ್ಲಿ ಗಾಳಿಯೇ ಅರ್ಧ ನೀರು ಎಂಬುದನ್ನು ಬಿಡಿಸಿ ಹೇಳಿರಲಿಲ್ಲ. ನೀರು ತಾಗಬಾರದ್ದನ್ನು ಈ ಊರಿನಲ್ಲಿ ಹೊಳವಾದಾಗ ಬಿಸಿಲಿಗೆ ಹಾಕದೆ ಇನ್ನೇನು ಮಾಡುತ್ತಾರೆ?

"ಆಮೇಲೆ?"

"ಸಂಜೆ ಹನಿ ಬಿತ್ತು. ಗಡಿಬಿಡಿಲಿ ರಾಶಿ ಮಾಡಿ ಮುಚ್ಚಿದೆ. ಬಿಸ್ಲು ಎಷ್ಟು ಚಂದ ಹೀರ್ಕಂಡಿತ್ತು ಗೊತ್ತುಂಟಾ? ರಾಶಿಯಿಂದ ಹಬೆ ಏಳ್ತಿತ್ತು! ಹತ್ರ ಹಗ್ಗ ಕಟ್ಟಿ ನಮ್ಮನೆ ಒದ್ದೆ ಕಂಬ್ಳಿನೂ ಒಣಗ್ಸ್ಕಂಡೆ. ಬೆಳಿಗ್ಗೆ ಎಲ್ಲಾ ವಾಪಸ್ ತುಂಬ್ದೆ."

ದಾಕ್ಷಾಯಿಣಿ ಒಂದು ಲೋಟ ಸುಣ್ಣ ತೆಗೆದು ನೀರು ಹಾಕಿದಳು. ಲೋಟ ತಣ್ಣಗೇ ಇತ್ತು.

ಆ ಹಬೆ ನಿನ್ನೆಯ ಬಿಸಿಲಿನದಲ್ಲ, ಮಾರ್ಚಿಯದು. ಅಷ್ಟು ದಿನ ಸೋರದೆ ನಿಂತಿತ್ತು. ಆರು ವರ್ಷ ಅವಳು ಹೇಳುತ್ತ ಬಂದದ್ದು ನಿಜವಾಗಿತ್ತು, ಆದರೆ ಅದನ್ನು ಕಂಡದ್ದು ಒಂದು ಕಂಬಳಿ ಮಾತ್ರ. ಬೈಯಬೇಕೆಂದು ಬಾಯಿ ತೆರೆದಳು.

"ಕಂಬಳಿ ಪೂರ್ತಿ ಒಣಗಿತಾ?" ಎಂದಷ್ಟೇ ಕೇಳಿದಳು.

"ಹಪ್ಳದಂಗೆ!"

ಮರುದಿನ ಸಂಘದ ಅಧ್ಯಕ್ಷ ರೇಣುಕಾಪ್ರಸಾದ್ ಏಲಕ್ಕಿ ಚೀಲಗಳೊಂದಿಗೆ ಬಂದಿಳಿದರು. ದಾಕ್ಷಾಯಿಣಿ ಸುತ್ತಿಬಳಸದೆ ನಡೆದದ್ದನ್ನು ಹೇಳಿದಳು. ಇಷ್ಟಕ್ಕೇ ಮುಗಿಯಿತು ಅನ್ನಲಿ ಎಂದು ಒಳಗೊಳಗೇ ಬೇಡಿಕೊಂಡಳು. ಗೆದ್ದು ಮನೆಗೆ ಹೋಗುವ ಆಸೆ ರಾತ್ರಿಯೇ ಬಿಟ್ಟುಹೋಗಿತ್ತು, ಸೋತಾದರೂ ಹೋಗುತ್ತೇನಲ್ಲ ಎಂಬ ಸಮಾಧಾನ ಆ ಜಾಗಕ್ಕೆ ಬಂದಿತ್ತು.

ರೇಣುಕಾಪ್ರಸಾದ್ ಶೇಷಮ್ಮನನ್ನು ಕರೆದು ವಿಚಾರಿಸಿದರು. ಹಬೆ ಎಷ್ಟು ಹೊತ್ತು ಬಂತು, ಕಂಬಳಿ ಎಷ್ಟು ಒದ್ದೆಯಾಗಿತ್ತು ಎಂದೆಲ್ಲ ಕೇಳಿದರು. ಮೊದಲು ನಕ್ಕರು, ಆಮೇಲೆ ಗಂಭೀರವಾದರು.

"ಸುಣ್ಣ ಹಾಳಾಯ್ತಾ ಮೇಡಂ?"

"ಇಲ್ಲ. ಬೇಸಿಗೆಯಲ್ಲಿ ಮತ್ತೆ ಚೆನ್ನಾಗಿ ಕಾಯಿಸಿದರೆ ಮೊದಲಿನ ಹಾಗೇ ಆಗ್ತದೆ."

"ಹಂಗಾದ್ರೆ ಎಂತ ಹೋಯ್ತು ಮಾರಾಯ್ರೆ? ಕಂಬ್ಳಿ ಒಣಗ್ಸಿದ್ದು ಏಲಕ್ಕಿ ಒಣಗ್ಸಲ್ವಾ? ಇನ್ನೊಂದು ಬೇಸ್ಗೆ ನೋಡಿಯೇ ಬಿಡುವ. ಸಂಘದಲ್ಲಿ ನಾನು ಹೇಳ್ತೇನೆ. ನೀವಿದ್ದರೆ ನಮಗೆ ಧೈರ್ಯ."

ಇಷ್ಟು ಒಳ್ಳೆಯ ಮನುಷ್ಯನ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಶೇಷಮ್ಮ ಎರಡೂ ಕೈ ಮುಗಿದು ಅವಳನ್ನೇ ನೋಡುತ್ತಿದ್ದಳು.

"ಆಗಲಿ ಸಾರ್," ಎಂದುಬಿಟ್ಟಳು.

ಚೀಲಗಳು ಸೌದೆ ಉರಿಸಿ ಒಣಗಿಸುವ ಗೂಡಿಗೆ ವಾಪಸು ಹೋದ ಮೇಲೆ, ಸಿಗ್ನಲ್ ಸಿಗುವ ತಿರುವಿನವರೆಗೆ ನಡೆದು ಶ್ವೇತಳಿಗೆ ಫೋನು ಮಾಡಿದಳು. ಅತ್ತು ರಂಪ ಮಾಡುತ್ತಾಳೆ, ಬೈಯುತ್ತಾಳೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೇಳಿದಳು, ಇನ್ನೊಂದು ಬೇಸಿಗೆ ಆಗಬೇಕಂತೆ ಪುಟ್ಟಿ, ಇದೊಂದೇ.

ಅತ್ತ ಕಡೆ ಅಳುವೇನೂ ಕೇಳಿಸಲಿಲ್ಲ.

"ಸರಿ ಅಮ್ಮ," ಎಂದಳು ಶ್ವೇತ. "ನೀನು ಬರ್ತೀಯ ಅಂತ ನಾನು ಯಾರಿಗೂ ಹೇಳಿರಲಿಲ್ಲ."